ಕುಣಿಗಲ್ ಗಾಳಿಯ ಲೆಕ್ಕ

1999ರ ಅಕ್ಟೋಬರ್ 29ರಂದು ಒಡಿಶಾದ ಪಾರಾದೀಪ್ ಹತ್ತಿರ ದಡ ಮುಟ್ಟಿದ ಮಹಾ ಚಂಡಮಾರುತದ ಕಥೆಯನ್ನು ನಿಮ್ಮ ಅಪ್ಪ ಅಮ್ಮ ಕೇಳಿರಬಹುದು. ಮರಗಳು ಬುಡಮೇಲಾದವು, ಸಮುದ್ರವೇ ಊರೊಳಗೆ ನುಗ್ಗಿತು, ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಆ ಚಂಡಮಾರುತದ ನಟ್ಟನಡುವೆ ಗಾಳಿಯ ಒತ್ತಡ 912 ಹೆಕ್ಟೋಪಾಸ್ಕಲ್‌ಗೆ ಕುಸಿದಿತ್ತು ಎಂದು ಭಾರತ ಹವಾಮಾನ ಇಲಾಖೆ ಅಂದಾಜು ಮಾಡಿದೆ.

ಈಗ ಇನ್ನೊಂದು ಅಂಕಿ ಕೇಳಿ. ತುಮಕೂರು ಜಿಲ್ಲೆಯ ಕುಣಿಗಲ್‌ನಲ್ಲಿ, ತೆಂಗಿನ ಗರಿಯೂ ಅಲುಗದ ಒಂದು ಶಾಂತ ದಿನ ಒತ್ತಡಮಾಪಕ ಇಟ್ಟು ನೋಡಿ. ಮುಳ್ಳು ನಿಲ್ಲುವುದು 925ರ ಆಸುಪಾಸಿನಲ್ಲಿ!

912ಕ್ಕೂ 925ಕ್ಕೂ ಎಷ್ಟು ದೂರ? ಪಕ್ಕಪಕ್ಕದಲ್ಲೇ ಇವೆ. ಹಾಗಾದರೆ ಕುಣಿಗಲ್‌ನಲ್ಲಿ ದಿನಬೆಳಗಾದರೆ ಚಂಡಮಾರುತ ಏಳಬೇಕಿತ್ತು. ಏಳುವುದಿಲ್ಲ. ಊರಿನ ಕುದುರೆ ಸಾಕಣೆಯ ಸ್ಟಡ್ ಫಾರ್ಮಿನಲ್ಲಿ ಕುದುರೆಗಳು ತಮ್ಮ ಪಾಡಿಗೆ ಹುಲ್ಲು ಮೇಯುತ್ತಿರುತ್ತವೆ, ದೊಡ್ಡಕೆರೆಯ ನೀರು ತನ್ನ ಪಾಡಿಗೆ ಮಿನುಗುತ್ತಿರುತ್ತದೆ. ಇದು ಹೇಗೆ ಎಂದು ಕೇಳಿದರೆ ದೊಡ್ಡವರೂ ಒಂದು ಕ್ಷಣ ತಡವರಿಸುತ್ತಾರೆ. ಕೇಳಿ ನೋಡಿ.

ಮೊದಲು ಒತ್ತಡ ಅಂದರೇನು ಅನ್ನುವುದನ್ನು ಸ್ವಲ್ಪ ನೋಡೋಣ. ಗಾಳಿಗೂ ತೂಕ ಇದೆ. ನಮ್ಮ ತಲೆಯಿಂದ ಶುರುವಾಗಿ ಆಕಾಶದ ತುದಿಯವರೆಗೆ ಎಷ್ಟು ಗಾಳಿ ಪೇರಿಸಿಕೊಂಡಿದೆಯೋ ಅಷ್ಟೂ ನಮ್ಮನ್ನು ಒತ್ತುತ್ತಿರುತ್ತದೆ. ಕುಣಿಗಲ್‌ನಲ್ಲಿ ನಿಮ್ಮ ಅಂಗೈ ಚಾಚಿದರೆ ಅದರ ಮೇಲೆ ಕೂತಿರುವ ಗಾಳಿಯ ತೂಕ, ಅಂಗೈ ನೂರು ಚದರ ಸೆಂಟಿಮೀಟರ್ ಇದೆ ಎಂದುಕೊಂಡರೆ, ಸುಮಾರು 94 ಕಿಲೋ. ಒಬ್ಬ ದಪ್ಪಗಿನ ಮಾವ ಕೈ ಮೇಲೆ ಕೂತ ಹಾಗೆ! ಆದರೂ ಕೈ ಕೆಳಗೆ ಬೀಳುವುದಿಲ್ಲ. ಯಾಕೆಂದರೆ ಅಂಗೈಯ ಕೆಳಗಿನ ಗಾಳಿಯೂ ಅಷ್ಟೇ ಬಲವಾಗಿ ಮೇಲಕ್ಕೆ ಒತ್ತುತ್ತಿದೆ. ಎರಡೂ ಕಡೆ ಸಮ. ಸಮ ಇದ್ದಲ್ಲಿ ಏನೂ ಕದಲುವುದಿಲ್ಲ. ಈ ಒಂದು ಮಾತನ್ನು ಹಿಡಿದುಕೊಳ್ಳಿ, ಇವತ್ತಿನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

ಮೇಲೆ ಹೋದಷ್ಟೂ ತಲೆಯ ಮೇಲಿನ ಗಾಳಿ ಕಡಿಮೆಯಾಗುತ್ತದೆ, ಒತ್ತಡವೂ ಇಳಿಯುತ್ತದೆ. ಸಮುದ್ರದ ದಡದಲ್ಲಿರುವ ಮಂಗಳೂರಿನಲ್ಲಿ ಒತ್ತಡ ಸುಮಾರು 1010. ಕುಣಿಗಲ್ ಸಮುದ್ರಮಟ್ಟಕ್ಕಿಂತ ಸುಮಾರು 770 ಮೀಟರ್ ಮೇಲಿದೆ, ಅದಕ್ಕೇ ಇಲ್ಲಿ 925. ಇದನ್ನು ಬಸ್ಸಿನಲ್ಲೇ ನೋಡಬಹುದು. ಕುಣಿಗಲ್‌ನಲ್ಲಿ ಖಾಲಿಯಾದ ನೀರಿನ ಪ್ಲಾಸ್ಟಿಕ್ ಬಾಟಲಿಗೆ ಮುಚ್ಚಳ ಬಿಗಿಯಾಗಿ ತಿರುಗಿಸಿ ಬ್ಯಾಗಿನಲ್ಲಿಟ್ಟುಕೊಳ್ಳಿ. ಬಸ್ಸು ಯಡಿಯೂರು, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಮಂಗಳೂರು ತಲುಪುವ ಹೊತ್ತಿಗೆ ಬಾಟಲಿಯ ಪಕ್ಕೆ ಒಳಗೆ ಸೇದಿಕೊಂಡಿರುತ್ತದೆ. ಒಳಗಿರುವುದು ಕುಣಿಗಲ್ ಗಾಳಿ, ಹೊರಗೆ ಒತ್ತುತ್ತಿರುವುದು ಮಂಗಳೂರು ಗಾಳಿ. ಒಂದು ಲೀಟರ್ ಬಾಟಲಿಯಲ್ಲಿ ಸುಮಾರು 80 ಮಿಲಿಲೀಟರ್‌ನಷ್ಟು ಜಾಗ ಕುಗ್ಗಿದರೆ ಒಳಗೂ ಹೊರಗೂ ಸಮವಾಗುತ್ತದೆ. ಮುಚ್ಚಳ ಬಿಚ್ಚಿ, ‘ಟಪ್’ ಅಂತ ಬಾಟಲಿ ಮತ್ತೆ ಉಬ್ಬುತ್ತದೆ. ಘಾಟಿಯಲ್ಲಿ ನಿಮ್ಮ ಕಿವಿ ಕಟ್ಟಿಕೊಂಡು, ಉಗುಳು ನುಂಗಿದ ಕೂಡಲೇ ಬಿಟ್ಟುಕೊಳ್ಳುತ್ತದಲ್ಲ, ಅದೂ ಇದೇ ಸಂಗತಿ.

ಎತ್ತರಕ್ಕೆ ಹೋದರೆ ಒತ್ತಡ ಇಳಿಯುತ್ತದೆ ಎಂಬುದನ್ನು ಬೆಟ್ಟ ಹತ್ತಿಯೇ ತೋರಿಸಿಕೊಟ್ಟದ್ದು ಫ್ರಾನ್ಸಿನಲ್ಲಿ, 1648ರ ಸೆಪ್ಟೆಂಬರ್ 19ರಂದು. ಬ್ಲೇಸ್ ಪಾಸ್ಕಲ್ ಎಂಬಾತ ತನ್ನ ಅಕ್ಕನ ಗಂಡ ಫ್ಲೋರಿನ್ ಪೆರಿಯೆಗೆ ಕಾಗದ ಬರೆದು, ಒತ್ತಡ ಅಳೆಯುವ ಪಾದರಸದ ಕೊಳವೆ ಹೊತ್ತು ಪ್ಯುಯ್ ದ ಡೋಮ್ ಎಂಬ ಬೆಟ್ಟ ಹತ್ತು ಎಂದು ಹೇಳಿದ. ಪೆರಿಯೆ ಹತ್ತಿದ. ತುದಿಯಲ್ಲಿ ಪಾದರಸ ಸುಮಾರು 8 ಸೆಂಟಿಮೀಟರ್ ಕೆಳಗಿಳಿದಿತ್ತು. ನನಗೆ ಇದರಲ್ಲಿ ಬಹಳ ಇಷ್ಟವಾಗುವುದು ಬೆಟ್ಟ ಹತ್ತಿದ್ದಲ್ಲ. ಹತ್ತುವ ಮೊದಲು ಆತ ಇನ್ನೊಂದು ಕೊಳವೆಯನ್ನು ಬೆಟ್ಟದ ಕೆಳಗೆ ಇಟ್ಟು, ಒಬ್ಬ ಪಾದ್ರಿಯನ್ನು ಇಡೀ ದಿನ ಅದರ ಮುಂದೆ ಕಾವಲು ಕೂರಿಸಿದ್ದ. ಕೆಳಗಿನ ಪಾದರಸ ಕದಲಲಿಲ್ಲ. ಆದ್ದರಿಂದ ಮೇಲೆ ಇಳಿದದ್ದು ಎತ್ತರದಿಂದಲೇ, ಆ ದಿನದ ಹವೆಯಿಂದಲ್ಲ ಎಂದು ಖಚಿತವಾಯಿತು. ನಮ್ಮ ಅಳತೆಗೆ ಹೆಕ್ಟೋಪಾಸ್ಕಲ್ ಎಂಬ ಹೆಸರು ಬಂದದ್ದು ಈ ಪಾಸ್ಕಲ್‌ನಿಂದಲೇ. ಹೆಕ್ಟೋ ಅಂದರೆ ನೂರು.

ಕುಣಿಗಲ್ ಮಕ್ಕಳು ಫ್ರಾನ್ಸಿಗೆ ಹೋಗಬೇಕಾಗಿಲ್ಲ, ಅವರ ತಾಲ್ಲೂಕಿನಲ್ಲೇ ಹುತ್ರಿದುರ್ಗದ ಬೆಟ್ಟ ಇದೆ. ಅದರ ತುದಿ 1100 ಮೀಟರಿಗೂ ಎತ್ತರ. ಕುಣಿಗಲ್ ಪೇಟೆಯಿಂದ ಹೊರಟು ಮೇಲೆ ಹತ್ತಿದರೆ ಒತ್ತಡ ಮೂವತ್ತೈದು ಹೆಕ್ಟೋಪಾಸ್ಕಲ್‌ಗಿಂತ ಹೆಚ್ಚೇ ಇಳಿಯುತ್ತದೆ. ಕೆಲವು ಮೊಬೈಲ್ ಫೋನುಗಳಲ್ಲಿ ಒತ್ತಡ ಅಳೆಯುವ ಪುಟ್ಟ ಚಿಪ್ ಇರುತ್ತದೆ. ಮನೆಯಲ್ಲಿ ಅಂಥದ್ದಿದ್ದರೆ ಮೆಟ್ಟಿಲು ಹತ್ತುತ್ತಾ ಅಂಕಿ ಇಳಿಯುವುದನ್ನು ನೋಡುತ್ತಾ ಹೋಗಬಹುದು. ಸುಮಾರು ಒಂಬತ್ತು ಹತ್ತು ಮೀಟರಿಗೆ ಒಂದು ಅಂಕಿ. ಪೆರಿಯೆ ಮಾಡಿದಂತೆ ಕೆಳಗೆ ಇನ್ನೊಬ್ಬರನ್ನು ಕೂರಿಸಲು ಮರೆಯಬೇಡಿ.

ಈಗ ತೊಡಕಿನ ಪ್ರಶ್ನೆ. ಬಾಟಲಿಯನ್ನು ಹಿಸುಕಿದ ಮಂಗಳೂರಿನ 1010ರ ಗಾಳಿ ಕುಣಿಗಲ್‌ನ 925ರ ಮೇಲೆ ನುಗ್ಗಬೇಕಲ್ಲ? ಯಾಕೆ ನುಗ್ಗುವುದಿಲ್ಲ?

ಇದಕ್ಕೆ ಉತ್ತರ ಮನೆ ಕಟ್ಟುವ ಜಾಗದಲ್ಲಿ ಸಿಗುತ್ತದೆ. ಗಾರೆ ಕೆಲಸದವರ ಹತ್ತಿರ ಒಂದು ಉದ್ದನೆಯ, ಒಳಗಿನದು ಕಾಣುವ ಪೈಪು ಇರುತ್ತದೆ. ಅವರು ಅದನ್ನು ಮಟ್ಟದ ಪೈಪು ಎನ್ನುತ್ತಾರೆ. ಅದಕ್ಕೆ ನೀರು ತುಂಬುತ್ತಾರೆ. ಒಬ್ಬರು ಒಂದು ತುದಿಯನ್ನು ಈ ಗೋಡೆಗೆ ಹಿಡಿದರೆ, ಇನ್ನೊಬ್ಬರು ಮತ್ತೊಂದು ತುದಿಯನ್ನು ಆ ಮೂಲೆಯ ಕಂಬಕ್ಕೆ ಹಿಡಿಯುತ್ತಾರೆ. ನಡುವೆ ಪೈಪು ನೆಲದ ಮೇಲೆ, ಜಲ್ಲಿ ರಾಶಿಯ ಹಿಂದೆ, ಬಾಗಿಲಿನ ಸಂದಿಯಲ್ಲಿ ಹೇಗೆ ಬೇಕಾದರೂ ಸುತ್ತಿಕೊಂಡು ಬಿದ್ದಿರಲಿ, ಎರಡೂ ತುದಿಯಲ್ಲಿ ನೀರು ಕೂದಲೆಳೆಯಷ್ಟೂ ತಪ್ಪದೆ ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಅಲ್ಲಿ ಪೆನ್ಸಿಲ್ ಗೆರೆ ಎಳೆಯುತ್ತಾರೆ. ಸ್ವಲ್ಪ ಹತ್ತಿರ ಹೋಗಿ ನೋಡಿ: ನೀರು ತುಂಬುವಾಗ ಪೈಪನ್ನು ಬೆರಳಿನಿಂದ ತಟ್ಟುತ್ತಾರೆ, ಒಳಗೆ ಸಿಕ್ಕಿಕೊಂಡ ಗುಳ್ಳೆಗಳನ್ನು ಓಡಿಸಲು. ಒಂದು ಗುಳ್ಳೆ ಉಳಿದರೂ ಮಟ್ಟ ತಪ್ಪಬಹುದು. ಪೈಪು ಹೊತ್ತು ನಡೆಯುವಾಗ ನೀರು ಚೆಲ್ಲದಿರಲೆಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚುತ್ತಾರೆ. ಗೆರೆ ಎಳೆಯುವ ಮೊದಲು ಮಾತ್ರ ಎರಡೂ ಕಡೆಯವರು ಹೆಬ್ಬೆರಳು ತೆಗೆಯಲೇಬೇಕು, ಇಲ್ಲದಿದ್ದರೆ ನೀರು ಸುಳ್ಳು ಹೇಳುತ್ತದೆ.

ಪೈಪಿನ ನಡುಭಾಗ ನೆಲದ ಮೇಲಿದೆ, ಅಲ್ಲಿ ನೀರಿನ ಒತ್ತಡ ಹೆಚ್ಚು. ತುದಿಯಲ್ಲಿ ಕಡಿಮೆ. ಆದರೂ ನೆಲದ ಮೇಲಿನ ನೀರು ತುದಿಗೆ ಚಿಮ್ಮುವುದಿಲ್ಲ. ಕೆಳಗಿನ ಹೆಚ್ಚುವರಿ ಒತ್ತಡ ಮೇಲಿನ ನೀರನ್ನು ಹೊತ್ತು ನಿಲ್ಲಿಸುವುದಕ್ಕೇ ಸರಿಹೋಗುತ್ತದೆ. ನೀರು ಕದಲಬೇಕೋ ಬೇಡವೋ ಎಂದು ತೀರ್ಮಾನಿಸಲು ಮೇಲು ಕೆಳಗಿನ ಅಂಕಿಗಳನ್ನು ತಾಳೆ ನೋಡಬಾರದು, ಒಂದೇ ಮಟ್ಟದ ಎರಡು ಅಂಕಿಗಳನ್ನು ನೋಡಬೇಕು.

ಆ ಪೈಪಿನ ಒಂದು ತುದಿಯನ್ನು ಕೆಳಗೆ ಇಳಿಸಿದರೆ? ಸಮ ಕೆಟ್ಟಿತು, ನೀರು ಹರಿಯಿತು. ಇದನ್ನೇ ದೊಡ್ಡದಾಗಿ ಮಾಡಿರುವ ಜಾಗ ಕುಣಿಗಲ್ ತಾಲ್ಲೂಕಿನಲ್ಲೇ ಇದೆ. ಶಿಂಷಾ ಹೊಳೆಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯ. ಅಲ್ಲಿ ತಾನೇ ತಾನಾಗಿ ಕೆಲಸ ಮಾಡುವ ಸೈಫನ್‌ಗಳಿವೆ. ಇಂಥ ಸೈಫನ್‌ನಲ್ಲಿ ಗೇಟು ಎತ್ತುವವರು ಬೇಕಿಲ್ಲ, ಕರೆಂಟೂ ಬೇಕಿಲ್ಲ. ನೀರು ತುಂಬಿ ಸೈಫನ್ನಿನ ಬಾಯಿಗಿಂತ ಮೇಲೆ ಬಂದಾಗ ಮೊದಲು ತೆಳ್ಳಗೆ ಒಳಗೆ ಸುರಿಯುತ್ತದೆ. ಸುರಿಯುತ್ತಾ ಒಳಗಿನ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಒಳಗೆ ಗಾಳಿ ಕಡಿಮೆಯಾಯಿತು, ಒತ್ತಡ ಇಳಿಯಿತು. ಹೊರಗೆ ಜಲಾಶಯದ ಮೇಲೆ ಒತ್ತುತ್ತಿರುವುದು ಅದೇ 925ರ ಆಸುಪಾಸಿನ ಗಾಳಿ. ಅದು ನೀರನ್ನು ಒಳಕ್ಕೆ ತಳ್ಳುತ್ತದೆ, ಸೈಫನ್ ಬಾಯ್ತುಂಬ ಭೋರ್ಗರೆಯುತ್ತದೆ. ನೀರು ಸಾಕಷ್ಟು ಇಳಿದ ಮೇಲೆ ಗಾಳಿ ಒಳಹೊಕ್ಕು, ಒಳಗೂ ಹೊರಗೂ ಒತ್ತಡ ಸಮವಾಗಿ, ಸೈಫನ್ ನಿಲ್ಲುತ್ತದೆ. ಎಂಜಿನಿಯರುಗಳು ಇಲ್ಲೂ ಊರಿನ ಎತ್ತರದ ಲೆಕ್ಕ ಮರೆಯುವಂತಿಲ್ಲ. ಸಮುದ್ರಮಟ್ಟದಲ್ಲಿ ಗಾಳಿ ನೀರನ್ನು 10.3 ಮೀಟರ್ ಎತ್ತರಕ್ಕೆ ತಳ್ಳಬಲ್ಲದು, 925 ಹೆಕ್ಟೋಪಾಸ್ಕಲ್ ಇರುವಲ್ಲಿ 9.4 ಮೀಟರ್ ಮಾತ್ರ. ಒಂದು ಎಚ್ಚರಿಕೆ: ಸೈಫನ್ ಶುರುವಾಗುವಾಗ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಕೆಳಗೆ ಮೊಣಕಾಲುದ್ದ ಹರಿಯುತ್ತಿದ್ದ ಹೊಳೆ ನೋಡನೋಡುತ್ತಿದ್ದಂತೆ ಆಳೆತ್ತರ ಬರಬಹುದು. ಜಲಾಶಯ ತುಂಬಿದ ದಿನಗಳಲ್ಲಿ ಕೆಳಗಿನ ಹೊಳೆಗೆ ಇಳಿಯಲೇಬಾರದು.

ಮತ್ತೆ ಗಾಳಿಗೆ ಬರೋಣ. ಮಂಗಳೂರಿನ ನೆಲದ ಮೇಲೆ ಒತ್ತಡ 1010. ಮಂಗಳೂರಿನಿಂದ ಒಂದು ಬಲೂನು ಬಿಟ್ಟು, ಅದು ಕುಣಿಗಲ್ ಎತ್ತರಕ್ಕೆ, ಅಂದರೆ 770 ಮೀಟರಿಗೆ ಏರಿದಾಗ ಅಳೆದರೆ? ಅಲ್ಲಿಯೂ ಸುಮಾರು 925! ಒಂದೇ ಮಟ್ಟ, ಒಂದೇ ಒತ್ತಡ. ಆದ್ದರಿಂದ ಮಂಗಳೂರಿನ ಗಾಳಿಗೂ ಕುಣಿಗಲ್ ಗಾಳಿಗೂ ಜಗಳವಿಲ್ಲ. ಒಡಿಶಾದಲ್ಲಿ ಆದದ್ದು ಬೇರೆ. ಅಲ್ಲಿ 912 ಇದ್ದದ್ದು ಸಮುದ್ರಮಟ್ಟದಲ್ಲೇ. ಅದೇ ಮಟ್ಟದಲ್ಲಿ, ಕೆಲವು ನೂರು ಕಿಲೋಮೀಟರ್ ಆಚೆ 1000ಕ್ಕಿಂತ ಹೆಚ್ಚಿತ್ತು. ಗಾಳಿ ಸುಮ್ಮನೆ ಬಿಟ್ಟೀತೆ?

ಒತ್ತಡ 925 ಇರುವ ಜಾಗಗಳನ್ನೆಲ್ಲ ಸೇರಿಸಿದರೆ ಆಕಾಶದಲ್ಲಿ ಒಂದು ಕಾಣದ ಹಾಳೆ ಹಾಸಿದಂತಾಗುತ್ತದೆ. ಹವಾಮಾನ ತಜ್ಞರು 925, 850, 700, 500 ಹೀಗೆ ಕೆಲವು ಹಾಳೆಗಳನ್ನು ಆರಿಸಿಕೊಂಡು ದಿನವೂ ಅವುಗಳ ನಕ್ಷೆ ಮಾಡುತ್ತಾರೆ. 925ರ ಹಾಳೆ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 770 ಮೀಟರ್ ಮೇಲಿರುತ್ತದೆ. ಅಂದರೆ ಅವರ ಆ ಹಾಳೆ ನಮ್ಮ ಕುಣಿಗಲ್ ಬೀದಿಗಳ ಮೇಲೇ ಹಾದುಹೋಗುತ್ತದೆ. ಒಂದು ದಿನ ಸ್ವಲ್ಪ ಮೇಲೆ, ಇನ್ನೊಂದು ದಿನ ಸ್ವಲ್ಪ ಕೆಳಗೆ. ಮಂಗಳೂರಿನವರು ಅದನ್ನು ನೋಡಲು ಬಲೂನು ಹಾರಿಸಬೇಕು, ಕುಣಿಗಲ್‌ನವರು ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಸಾಕು.

ಈಗ ಒಂದು ಹೊಸ ಹೆಸರು ಹೇಳುವ ಹೊತ್ತು ಬಂತು. ಸಮಾನ ಒತ್ತಡವಿರುವ ಊರುಗಳನ್ನು ಜೋಡಿಸುತ್ತಾ ನಕ್ಷೆಯ ಮೇಲೆ ಎಳೆಯುವ ಗೆರೆಗೆ ಐಸೋಬಾರ್ ಎನ್ನುತ್ತಾರೆ. ನಿಮ್ಮ ಭೂಗೋಳದ ಪುಸ್ತಕದಲ್ಲಿ ಅದೇ ಸಮಭಾರ ರೇಖೆ. ಫ್ರಾನ್ಸಿನಲ್ಲೇ 1863ರಲ್ಲಿ, ಪ್ಯಾರಿಸ್ ವೀಕ್ಷಣಾಲಯದ ಲೆವೆರಿಯೆ ಎಂಬಾತ ದಿನವೂ ಇಂಥ ನಕ್ಷೆ ಹೊರಡಿಸುವ ಏರ್ಪಾಡು ಮಾಡಿದ. ಅದಕ್ಕೂ ಒಂಬತ್ತು ವರ್ಷ ಮುಂಚೆ ಕಪ್ಪು ಸಮುದ್ರದಲ್ಲಿ ಒಂದು ಬಿರುಗಾಳಿ ಯುದ್ಧದ ಹಡಗುಗಳನ್ನು ಮುಳುಗಿಸಿತ್ತು. ಅದು ಮೊದಲೇ ಗೊತ್ತಾಗಬಹುದಿತ್ತೇ ಎಂದು ಹುಡುಕಲು ಹೋಗಿ ಈ ಕೆಲಸ ಶುರುವಾದದ್ದು. ಲೆಕ್ಕ ಹಾಕಿಯೇ ನೆಪ್ಚೂನ್ ಗ್ರಹ ಎಲ್ಲಿದೆ ಎಂದು ಹೇಳಿದ ಲೆವೆರಿಯೆಯೂ ಇವನೇ.

ಗೆರೆ ಎಳೆಯುವ ಮುಂಚೆ ಒಂದು ಉಪಾಯ ಬೇಕು. ಮಂಗಳೂರಿನ 1010, ಕುಣಿಗಲ್‌ನ 925, ಹುತ್ರಿದುರ್ಗದ 888 ಎಂದು ಇದ್ದದ್ದನ್ನು ಇದ್ದ ಹಾಗೇ ಬರೆದು ಗೆರೆ ಎಳೆದರೆ ಬರುವುದು ಹವೆಯ ನಕ್ಷೆಯಲ್ಲ, ಬೆಟ್ಟಗುಡ್ಡಗಳ ನಕ್ಷೆ! ಅದಕ್ಕೇ ಪ್ರತಿ ಊರಿನ ಅಂಕಿಗೂ, ಆ ಊರಿನ ಕೆಳಗೆ ಸಮುದ್ರಮಟ್ಟದವರೆಗೆ ಗಾಳಿಯೇ ತುಂಬಿದ್ದರೆ ಎಷ್ಟು ಹೆಚ್ಚಾಗುತ್ತಿತ್ತೋ ಅಷ್ಟನ್ನು ಲೆಕ್ಕ ಹಾಕಿ ಕೂಡಿಸುತ್ತಾರೆ. ಕುಣಿಗಲ್‌ಗೆ ಸುಮಾರು 85 ಕೂಡಿಸಬೇಕು. ಆಗ ಎಲ್ಲ ಊರುಗಳೂ ಗಾರೆಯವರ ಪೈಪಿನಂತೆ ಒಂದೇ ಮಟ್ಟಕ್ಕೆ ಬಂದವು. ಟೀವಿಯಲ್ಲಿ, ಫೋನಿನಲ್ಲಿ ಬೆಂಗಳೂರಿನ ಒತ್ತಡ 1012 ಎಂದು ತೋರಿಸಿದರೆ ಅದು ಇಂಥ ಕೂಡಿಸಿದ ಅಂಕಿ, ಬೆಂಗಳೂರಿನ ನಿಜವಾದ ಒತ್ತಡವಲ್ಲ.

ಎಲ್ಲರೂ ಒಂದೇ ಗಳಿಗೆಯಲ್ಲಿ ಅಳೆಯಬೇಕು ಎನ್ನುವುದು ಇನ್ನೊಂದು ಕಟ್ಟಳೆ. ನಮ್ಮ ಕಡೆಯ ಗಾಳಿಗೆ ಒಂದು ವಿಚಿತ್ರ ಅಭ್ಯಾಸವಿದೆ. ಮಳೆ ಇರಲಿ ಬಿಸಿಲಿರಲಿ, ಬೆಳಗ್ಗೆ ಹತ್ತರ ಹೊತ್ತಿಗೆ ಒತ್ತಡ ಏರಿ, ಸಂಜೆ ನಾಲ್ಕಕ್ಕೆ ಇಳಿದು, ರಾತ್ರಿ ಹತ್ತಕ್ಕೆ ಮತ್ತೆ ಏರಿ, ನಸುಕಿನ ನಾಲ್ಕಕ್ಕೆ ಮತ್ತೆ ಇಳಿಯುತ್ತದೆ. ಬಿಸಿಲಿನ ಕಾವಿನಿಂದ ಇಡೀ ವಾಯುಮಂಡಲದಲ್ಲಿ ಏಳುವ ಅಲೆ ಅದು. ಮೂರು ನಾಲ್ಕು ಹೆಕ್ಟೋಪಾಸ್ಕಲ್ ಏರಿಳಿತ. ನಕ್ಷೆಯಲ್ಲಿ ಗೆರೆಗಳನ್ನು ಎಳೆಯುವುದೇ ಎರಡು ಹೆಕ್ಟೋಪಾಸ್ಕಲ್‌ಗೆ ಒಂದರಂತೆ. ಒಬ್ಬರು ಹತ್ತಕ್ಕೆ, ಇನ್ನೊಬ್ಬರು ನಾಲ್ಕಕ್ಕೆ ಅಳೆದರೆ ಇಲ್ಲದ ಗೆರೆ ಹುಟ್ಟಿಕೊಳ್ಳುತ್ತದೆ. ಅದಕ್ಕೇ ಬೆಳಗ್ಗೆ ಎಂಟೂವರೆ ಎಂದರೆ ದೇಶದ ಎಲ್ಲ ಹವಾಮಾನ ಕೇಂದ್ರಗಳಲ್ಲೂ ಎಂಟೂವರೆ.

ಈಗ ನಾವೇ ಎಳೆಯೋಣ. ಮಂಗಳೂರಿನಲ್ಲಿ 1009, ಚೆನ್ನೈನಲ್ಲಿ 1011 ಎಂದುಕೊಳ್ಳಿ. 1010ರ ಗೆರೆ ಎಲ್ಲಿ ಹಾಯಬೇಕು? ಎರಡರ ನಡುವೆ. ಅದು ಯಾರೂ ಅಳೆಯದ ಯಾವುದೋ ರಾಗಿ ಹೊಲದ ಮೇಲೆ ಹಾದುಹೋದೀತು, ಪರವಾಗಿಲ್ಲ. ಅಳೆದ ಕೆಲವು ಊರುಗಳಿಂದ ಅಳೆಯದ ಊರುಗಳ ಸಂಗತಿ ಹೇಳುವುದೇ ಇದರ ಉಪಯೋಗ. ಬೇರೆ ಬೇರೆ ಅಂಕಿಯ ಎರಡು ಗೆರೆ ಎಂದೂ ಒಂದನ್ನೊಂದು ದಾಟುವುದಿಲ್ಲ. ದಾಟಿದರೆ ಒಂದೇ ಊರಿಗೆ ಒಂದೇ ಹೊತ್ತಿಗೆ ಎರಡು ಒತ್ತಡ ಎಂದಾಗುತ್ತದೆ. ಗೆರೆಗಳು ಒತ್ತೊತ್ತಾಗಿದ್ದರೆ ಅಲ್ಲಿ ಗಾಳಿ ಜೋರು, ದೂರದೂರ ಇದ್ದರೆ ಮಂದ. ನನ್ನ ಪ್ರಕಾರ ಈ ಗೆರೆಯ ಜಾಣತನ ಇಲ್ಲೇ ಇದೆ: ಎಳೆಯುವುದು ಸಮ ಇರುವ ಜಾಗವನ್ನು, ಕಣ್ಣಿಡುವುದು ಮಾತ್ರ ಗೆರೆ ಗೆರೆಯ ನಡುವೆ ಎಷ್ಟು ಅಸಮ ಇದೆ ಎಂಬುದರ ಮೇಲೆ.

“ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ರಾಜ್ಯದಲ್ಲಿ ಇನ್ನೆರಡು ದಿನ ಮಳೆ” ಎಂದು ಹಿಂಗಾರಿನ ದಿನಗಳಲ್ಲಿ ಸುದ್ದಿ ಬರುತ್ತದಲ್ಲ, ಅದೂ ಈ ಗೆರೆಗಳ ಭಾಷೆಯೇ. ನಕ್ಷೆಯ ಮೇಲೆ ಸಮಭಾರ ರೇಖೆ ಸುತ್ತಿಕೊಂಡು ಬಂದು ತನ್ನ ಬಾಲವನ್ನೇ ಹಿಡಿದು ಬಳೆಯಂತಾದರೆ, ಒಳಗೆ ಒತ್ತಡ ಕಡಿಮೆ ಇದ್ದರೆ, ಅದು ಕಡಿಮೆ ಒತ್ತಡದ ಪ್ರದೇಶ. ನಮ್ಮ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಎರಡು ಹೆಕ್ಟೋಪಾಸ್ಕಲ್ ಅಂತರದ ಬಳೆ ಒಂದಿದ್ದರೆ ಕಡಿಮೆ ಒತ್ತಡ, ಎರಡಾದರೆ ವಾಯುಭಾರ ಕುಸಿತ, ಮೂರಾದರೆ ತೀವ್ರ ವಾಯುಭಾರ ಕುಸಿತ, ನಾಲ್ಕಾದರೆ ಚಂಡಮಾರುತ. ಸಮುದ್ರದ ಮೇಲಿದ್ದಾಗ ಗಾಳಿಯ ವೇಗ ನೋಡಿ ಹೆಸರಿಡುತ್ತಾರೆ, ನೆಲಕ್ಕೆ ಬಂದ ಮೇಲೆ ಒತ್ತಡವನ್ನು ನೋಡುತ್ತಾರೆ.

ಐಸೋಬಾರ್ ಎಂಬ ಪದ ಬೇರೆ ಕಡೆಯೂ ಸಿಗುತ್ತದೆ, ಮುಂದೆ ಗಲಿಬಿಲಿಯಾಗದಿರಲಿ. ಪರಮಾಣು ವಿಜ್ಞಾನದಲ್ಲಿ ಒಂದೇ ದ್ರವ್ಯರಾಶಿ ಸಂಖ್ಯೆಯ ಬೇರೆ ಬೇರೆ ಧಾತುಗಳಿಗೆ ಐಸೋಬಾರ್ ಎನ್ನುತ್ತಾರೆ. ಆರ್ಗಾನ್, ಪೊಟ್ಯಾಸಿಯಂ, ಕ್ಯಾಲ್ಸಿಯಂ ಮೂರರಲ್ಲೂ 40 ಸಂಖ್ಯೆಯವು ಇವೆ. ಅಲ್ಲಿ ಗಾಳಿಯ ಸುದ್ದಿಯೇ ಇಲ್ಲ. ಇನ್ನು ಒತ್ತಡ ಬದಲಾಗದಂತೆ ನಡೆಯುವ ಕ್ರಿಯೆಗೆ ಐಸೋಬಾರಿಕ್ ಎನ್ನುತ್ತಾರೆ. ಮುಚ್ಚಳವಿಲ್ಲದ ಪಾತ್ರೆಯಲ್ಲಿ ಮುದ್ದೆಗೆ ಎಸರು ಕುದಿಯುವುದು ಅಂಥದ್ದು. ಎಷ್ಟು ಕುದಿದರೂ ಒತ್ತಡ ಊರಿನ ಗಾಳಿಯದ್ದೇ. ಕುಣಿಗಲ್‌ನ 925ರಲ್ಲಿ ನೀರು ಕುದಿಯುವುದು 100 ಡಿಗ್ರಿಗಲ್ಲ, ಸುಮಾರು 97.5 ಡಿಗ್ರಿ ಸೆಲ್ಸಿಯಸ್‌ಗೆ. ಪಕ್ಕದ ಒಲೆಯ ಕುಕ್ಕರಿನಲ್ಲಿ ಹಾಗಲ್ಲ, ವಿಷಲ್ ಹೊಡೆಯುವ ತನಕ ಒತ್ತಡ ಏರುತ್ತಲೇ ಹೋಗುತ್ತದೆ, ಬೇಳೆ ಬೇಗ ಬೇಯುತ್ತದೆ.

ಕೊನೆಗೊಂದು ಕೆಲಸ. ಇದಕ್ಕೆ ಒತ್ತಡಮಾಪಕ ಬೇಡ, ನಕ್ಷೆಯೂ ಬೇಡ. ಆಷಾಢದಲ್ಲಿ ಗಾಳಿ ಜೋರಾಗಿ ಬೀಸುವ ಒಂದು ದಿನ, ದೊಡ್ಡವರೊಬ್ಬರ ಜೊತೆ ಕುಣಿಗಲ್ ದೊಡ್ಡಕೆರೆಯ ಏರಿಗೆ ಹೋಗಿ. ಜನಪದ ಹಾಡಿನಿಂದಾಗಿ ಕುಣಿಗಲ್ ನೋಡದವರಿಗೂ ಈ ಕೆರೆ ಗೊತ್ತು. ಗಾಳಿಗೆ ಬೆನ್ನು ಕೊಟ್ಟು ನಿಂತು ಎಡಗೈಯನ್ನು ಪಕ್ಕಕ್ಕೆ ಚಾಚಿ. ಕಡಿಮೆ ಒತ್ತಡ ಇರುವುದು ಆ ಕೈ ತೋರಿಸುವ ದಿಕ್ಕಿನಲ್ಲಿ! 1857ರಲ್ಲಿ ಇದನ್ನು ಸೂತ್ರವಾಗಿ ಹೇಳಿದವನು ಬೈಸ್ ಬ್ಯಾಲಟ್ ಎಂಬ ಡಚ್ ವಿಜ್ಞಾನಿ. ಭೂಮಿ ತಿರುಗುತ್ತಿರುವುದರಿಂದ ಗಾಳಿ ಹೆಚ್ಚು ಒತ್ತಡದಿಂದ ಕಡಿಮೆ ಒತ್ತಡಕ್ಕೆ ನೇರವಾಗಿ ಹೋಗಲಾರದು. ಭೂಮಧ್ಯರೇಖೆಯ ಉತ್ತರಕ್ಕೆ ಅದು ಬಲಕ್ಕೆ ವಾಲುತ್ತಾ, ಸಮಭಾರ ರೇಖೆಯ ಗುಂಟವೇ ಹೆಚ್ಚುಕಡಿಮೆ ಸಾಗುತ್ತದೆ. ನೆಲದ ಮೇಲೆ ಮರ, ಮನೆ, ಗುಡ್ಡ ತಡೆಯುವುದರಿಂದ ಸ್ವಲ್ಪ ಓರೆಯಾಗಿ ಕಡಿಮೆ ಒತ್ತಡದ ಕಡೆಗೆ ಜಾರುತ್ತದೆ, ಆದ್ದರಿಂದ ಕೈಯನ್ನು ಚೂರು ಮುಂದಕ್ಕೆ ತಂದರೆ ಇನ್ನೂ ಸರಿ. ಆಷಾಢದ ಗಾಳಿ ಪಡುವಣದಿಂದ ಬರುತ್ತದೆ. ಬೆನ್ನು ಪಡುವಣಕ್ಕೆ, ಮುಖ ಮೂಡಣಕ್ಕೆ ಮಾಡಿದರೆ ಎಡಗೈ ಬಡಗಣಕ್ಕೆ. ಆ ತಿಂಗಳ ನಕ್ಷೆ ತೆಗೆದು ನೋಡಿದರೆ ಕೇರಳದ ಕಡೆ ಒತ್ತಡ 1009ರ ಆಸುಪಾಸು, ರಾಜಸ್ಥಾನದ ಕಡೆ 1000ಕ್ಕಿಂತ ಕಡಿಮೆ. ಮಾರ್ಗಶಿರದಲ್ಲಿ, ಗಾಳಿ ಈಶಾನ್ಯದಿಂದ ಬೀಸುವಾಗ, ಇನ್ನೊಮ್ಮೆ ಏರಿಗೆ ಹೋಗಿ ನಿಲ್ಲಿ. ಈ ಸಲ ಕೈ ಯಾವ ಕಡೆ ಹೋಯಿತು, ಆ ಕಡೆ ಯಾವ ಸಮುದ್ರವಿದೆ ಎಂದು ಭೂಪಟದಲ್ಲಿ ಹುಡುಕಿ.